ತಮ್ಮನ ಮಗಳು ಯಾವ ಬಳಿ

ಹಿರಿಯಡ್ಕದ ಅಕ್ಕು ಶೆಡ್ತಿಯವರು ಕುಟುಂಬದ ವಿಷಯದಲ್ಲಿ ಒಬ್ಬರಿಂದ ಹೇಳಿಸಿಕೊಂಡವರಲ್ಲ. ಯಾರು ಸತ್ತರೆ ಯಾರಿಗೆ ಸೂತಕ, ತಾಯಿಯಿಂದ ಇಳಿದು ಬರುವ ಗೋತ್ರದಲ್ಲಿ ಯಾವ ಹುಡುಗಿ ಯಾವ ಬಳಿ, ಎಲ್ಲ ಬಾಯಿಪಾಠ. ಅಂಡಾಶಯದ ಕ್ಯಾನ್ಸರಿಗೆ ಮಣಿಪಾಲದಲ್ಲಿ ಆಪರೇಷನ್, ಕಿಮೊ ಮುಗಿದ ಮೇಲೆ ಡಾಕ್ಟರು, "ನಿಮ್ಮ ಜೀನಿನಲ್ಲಿ ದೋಷ ಉಂಟು, ಇದು ವಂಶದಲ್ಲಿ ಇಳಿದು ಬರುವಂಥದ್ದು. ಕುಟುಂಬದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಲಿ" ಎಂದರು. ಅಕ್ಕು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ, ಸ್ತನದ ಕ್ಯಾನ್ಸರಿನಲ್ಲಿ ತೀರಿಹೋದ ತಂಗಿ ಗುಲಾಬಿಯ ಮಗಳನ್ನೂ ಗದರಿಸಿ ಕರೆತಂದು ರಕ್ತ ಕೊಡಿಸಿದರು. ದೇವರು ದೊಡ್ಡವನು, ಮೂವರಿಗೂ ದೋಷ ಇರಲಿಲ್ಲ.

ಫಲಿತಾಂಶ ವಿವರಿಸಲು ಕುಳಿತಿದ್ದ ಕೌನ್ಸೆಲರ್ ವಿಲ್ಮಾ ಕೇಳಿದಳು: "ಅಣ್ಣ ತಮ್ಮಂದಿರು ಇದ್ದಾರಾ ಅಮ್ಮ?"

"ಒಬ್ಬ ತಮ್ಮ, ಭೋಜ. ಕಾಪುವಿನಲ್ಲಿದ್ದಾನೆ. ಅವನ ಮಗಳು ತಾಯಿಯ ಬಳಿಗೆ ಸೇರಿದವಳು. ನಮ್ಮ ಕುಟುಂಬ ಅಲ್ಲ."

"ಬಳಿ ತಾಯಿಯಿಂದ ಬರುವುದು ಸರಿ. ಆದರೆ ಈ ದೋಷ ಅಪ್ಪನಿಂದಲೂ ಬರುತ್ತದೆ. ತಮ್ಮನಲ್ಲಿದ್ದರೆ ಮಗಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ."

ಅಕ್ಕುವಿನ ಕಷ್ಟ ಯಾರಿಗೆ ಹೇಳುವುದು? ಕುಟುಂಬದ ಮನೆ ಪಾಲಾದಾಗ, ಭೋಜರ ಮಗಳು ಆಶ್ರಿತಾಳಿಗೆ ಇಲ್ಲಿ ಹಕ್ಕಿಲ್ಲ ಎಂದು ಎದ್ದು ನಿಂತು ಹೇಳಿದವರು ಇದೇ ಅಕ್ಕು. ಅಂದಿನಿಂದ ಭೋಜರು ಮಾತು ಬಿಟ್ಟಿದ್ದರು. ಈಗ ಅದೇ ಮನೆಗೆ ಇಂಥ ಸುದ್ದಿ ಹೊತ್ತು ಹೋಗುವುದೆಂದರೆ ಅತ್ತ ದರಿ, ಇತ್ತ ಪುಲಿ. ಹೋಗದಿದ್ದರೆ ಹುಡುಗಿಯ ಗತಿ? ತಂಗಿಯ ಕೊನೆಯ ದಿನಗಳು ಕಣ್ಣಮುಂದೆ ಬಂದವು. ಮರುದಿನವೇ ಕಾಪುವಿನ ಬಸ್ಸು ಹತ್ತಿದರು.

ಭೋಜರು ಕುಳಿತುಕೊಳ್ಳಿ ಎನ್ನಲಿಲ್ಲ. ಅಕ್ಕು ನಿಂತೇ ಎಲ್ಲ ಹೇಳಿದರು.

"ಆಯಿತಾ ಅಕ್ಕ?" ಭೋಜರು ಸಿಡಿದರು. "ಪಾಲು ಕೊಡುವಾಗ ನನ್ನ ಮಗಳು ಬೇರೆ ಬಳಿ. ರೋಗ ಹಂಚುವಾಗ ಮಾತ್ರ ನಿಮ್ಮವಳಾ?"

ಜೀವನದಲ್ಲಿ ಮೊದಲ ಸಲ ಅಕ್ಕು ತಲೆ ತಗ್ಗಿಸಿದರು. "ಬೈಯಿ ಮಾರಾಯ, ಎಷ್ಟು ಬೇಕಾದರೂ ಬೈಯಿ. ಬೈದು ಮುಗಿಸಿ ಅವಳನ್ನು ಮಣಿಪಾಲಕ್ಕೆ ಕಳಿಸು."

ಒಳಗಿನಿಂದ ಆಶ್ರಿತಾ ಬಂದಳು. ಮೂವತ್ತು ದಾಟಿದ ಹುಡುಗಿ, ಕಾರ್ಕಳದ ಕಾಲೇಜಿನಲ್ಲಿ ಪಾಠ ಹೇಳುವವಳು. "ಮಾಮಿ, ಮೊದಲು ಕುಳಿತುಕೊಳ್ಳಿ. ಯಾವತ್ತು ಹೋಗಬೇಕು?"

ಭೋಜರು ಮುಖ ಗಂಟಿಕ್ಕಿಕೊಂಡೇ ಮಗಳ ಜೊತೆ ಹೋಗಿ ತಾವೂ ರಕ್ತ ಕೊಟ್ಟರು. ಗಂಡಸಿಗೆ ಇದೆಲ್ಲ ಯಾಕೆ ಎಂದು ದಾರಿಯುದ್ದಕ್ಕೂ ಗೊಣಗಿದರಂತೆ.

ಫಲಿತಾಂಶದ ದಿನ ಅಕ್ಕು ಆಸ್ಪತ್ರೆಗೆ ಬಂದಾಗ ಭೋಜರು ಹೊರಗಿನ ಬೆಂಚಿನಲ್ಲಿ ಒಬ್ಬರೇ ಕುಳಿತಿದ್ದರು. ಅಕ್ಕು ಗೋಡೆಗೆ ಒರಗಿ ನಿಂತರು. ಆಶ್ರಿತಾ ವಿಲ್ಮಾಳ ಕೋಣೆಯಿಂದ ಬಂದು ಅಪ್ಪನ ಎದುರು ನಿಂತಳು.

"ಇಬ್ಬರಿಗೂ ಉಂಟಂತೆ ಅಪ್ಪ. ರಕ್ತ ಕೊಟ್ಟ ದಿನ ಮಾಡಿದ ನನ್ನ ಸ್ಕ್ಯಾನಿಂಗ್‌ನಲ್ಲಿ ಸದ್ಯಕ್ಕೆ ಎಂತದೂ ಇಲ್ಲ. ಇನ್ನು ಪ್ರತಿ ವರ್ಷ ಸ್ಕ್ಯಾನಿಂಗ್. ಮಕ್ಕಳಾದ ಮೇಲೆ, ನಲವತ್ತರ ಹೊತ್ತಿಗೆ ಅಂಡಾಶಯ ತೆಗೆಸುವ ಬಗ್ಗೆ ಯೋಚಿಸಲು ಹೇಳಿದ್ದಾರೆ. ನೀವೂ ತಪಾಸಣೆ ಬಿಡಬಾರದಂತೆ."

ಭೋಜರು ಹಣೆ ಹಣೆ ಚಚ್ಚಿಕೊಂಡರು. "ನಾನೇ ಕೊಟ್ಟದ್ದಲ್ವಾ ಮಗಾ, ನಾನೇ ಕೊಟ್ಟದ್ದು!"

ಅಕ್ಕುವಿಗೂ ಅಳು ತಡೆಯಲಾಗಲಿಲ್ಲ. ಆಶ್ರಿತಾ ಅವರ ಕಡೆ ತಿರುಗಿದಳು.

"ಮಾಮಿ, ಗುಲಾಬಿ ಮಾಮಿಗೆ ಇದು ಮೊದಲೇ ಗೊತ್ತಿದ್ದರೆ?"

"ಬದುಕಿರುತ್ತಿದ್ದಳೋ ಏನೋ. ಹೇಳುವವರು ಯಾರಿದ್ದರು ಮಗಾ ಅವಳಿಗೆ!"

"ನನಗೆ ಹೇಳಿದಿರಲ್ಲ," ಎಂದಳು ಆಶ್ರಿತಾ. "ಮತ್ತೆ ಅಳುವುದು ಯಾಕೆ?"

ಭೋಜರು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ಆಮೇಲೆ ಬದಿಗೆ ಸರಿದು, ಬೆಂಚಿನಲ್ಲಿ ಅಕ್ಕನಿಗೆ ಜಾಗ ಬಿಟ್ಟರು.