ಒಂದೇ ಫ್ಯಾಟಿನ ಹಸು

ನಮ್ಮಪ್ಪ ಚೆಲುವಯ್ಯ ‘ನಿಮ್ಮಿಷ್ಟ’ ಅಂದರೆ ‘ಬೇಡ’ ಅಂತ ಅರ್ಥ. ಇದು ಮಗಳಾದ ನನಗೂ ಗೊತ್ತು, ನಮ್ಮಣ್ಣ ಮನೋಹರನಿಗೂ ಗೊತ್ತು. ಆದರೂ ಮನೆಯ ಎರಡು ಸೀಮೆಹಸು ಮಾರುವ ಮಾತೆತ್ತಿದಾಗ ಅಪ್ಪ ‘ನಿಮ್ಮಿಷ್ಟ’ ಅಂದದ್ದೇ ತಡ, ಇಬ್ಬರೂ ಜಾಣಕಿವುಡರಾಗಿ ಮಾರಿಯೇಬಿಟ್ಟೆವು. ಮಂಡಿನೋವಿನ ಮನುಷ್ಯ, ಸಗಣಿ ಬಾಚಿದ್ದು ಸಾಕು, ಆರಾಮಾಗಿರಲಿ ಎಂಬ ಪ್ರೀತಿ ನಮ್ಮದು. ಪ್ರೀತಿ ಉಕ್ಕಿದಾಗ ಮಕ್ಕಳಿಗೆ ಬುದ್ಧಿ ಒಂದು ತೂಕ ಕಮ್ಮಿಯಾಗುತ್ತದೆ. ಮೇಲೆ ಒರಗು ಕುರ್ಚಿ ಬೇರೆ ತಂದುಕೊಟ್ಟೆವು. ಅಪ್ಪ ಅದರ ತುದಿಯಲ್ಲಿ ಬಸ್ಸಿಗೆ ಕಾಯುವವನ ಹಾಗೆ ಕೂತ.

ನಾನು ಹಾರೋಹಳ್ಳಿಯ ಫ್ಯಾಕ್ಟರಿಗೆ ಹೋಗಿ ದೊಡ್ಡಆಲಹಳ್ಳಿಗೆ ವಾಪಸ್ಸಾಗುವ ಹೊತ್ತಿಗೆ ಅಪ್ಪ ಹಾಲಿನ ಕ್ಯಾನು ಹಿಡಿದು ಡೈರಿ ಕಡೆ ನಡೆದಿರುತ್ತಿದ್ದ. ಮನೆಗೆ ಹಾಲು ತರಲು ಹೋಗುತ್ತಾನೆಂದುಕೊಂಡೆ. ಮನೆಗೆ ಪಕ್ಕದವರಿಂದ ವರ್ತನೆ ಹಾಲು ಬರುತ್ತಿದ್ದದ್ದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ಡೈರಿ ಸೆಕ್ರೆಟರಿ ಪುಟ್ಟಮಾದು ಹಲ್ಲು ಬಿಟ್ಟುಕೊಂಡು ಮನೆಗೆ ಬಂದ. ಅಪ್ಪ ಹೊಸದಾಗಿ ತಂದು ತೋಟದಲ್ಲಿ ಕಟ್ಟಿರುವ ಹಸುವಿನ ವಿಚಾರವಂತೆ. ಯಾವ ಹಸು? ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಅಪ್ಪ ಸೂರು ನೋಡಿದ.

“ಎಲ್ಲಾರ ಹಸೀನ ಹಾಲಲ್ಲೂ ಫ್ಯಾಟು, ಕೊಬ್ಬಿನಂಶ, ಏರುಪೇರು ಆಯ್ತದೆ. ಚೆಲುವಣ್ಣನ ಹಸ ಮಾತ್ರ ದಿನಾ ಒಂದೇ. ಇಂಥಾದ್ ಕಂಡೇ ಇಲ್ಲ ಅಂದ್ರು ದನದ ಡಾಕ್ಟ್ರು. ನಾಳೆ ನೋಡಕ್ ಬತ್ತಾವ್ರೆ” ಅಂದ ಪುಟ್ಟಮಾದು, ಕಾಫಿ ಕುಡಿದು ಹೋದ.

ಫ್ಯಾಕ್ಟರಿಯಲ್ಲಿ ನನ್ನದು ಮಾಲು ಪರೀಕ್ಷೆ ಮಾಡುವ ಕೆಲಸ. ದಿನವೂ ಒಂದೇ ಥರ ಬರುವುದು ಮೆಷಿನ್ನಿನಿಂದ, ಕೆಚ್ಚಲಿನಿಂದಲ್ಲ. ಗದರಿಸಿ ಕೇಳಿದೆ. ಅಪ್ಪ ಬಾಯಿಬಿಟ್ಟ. ಪಕ್ಕದೂರಿನ ಅಂಗಡಿಯಲ್ಲಿ ಪ್ಯಾಕೆಟ್ ಹಾಲು ಕೊಳ್ಳುವುದು, ಕ್ಯಾನಿಗೆ ಸುರಿಯುವುದು, ಆಗ ತಾನೇ ಕರೆದ ಹಾಲಿನ ಹಾಗೆ ಬೆಚ್ಚಗಾಗಲಿ ಎಂದು ಬದುವಿನ ಮೇಲೆ ಬಿಸಿಲಿಗಿಡುವುದು, ಆಮೇಲೆ ಡೈರಿಗೆ ಹಾಕುವುದು. ಹೆಚ್ಚಿಗೆ ಕೊಟ್ಟು ಕೊಂಡು ಕಮ್ಮಿಗೆ ಮಾರುವ ಇಂಥ ವ್ಯಾಪಾರಸ್ಥ ಏಳೂರಲ್ಲೂ ಇಲ್ಲವೆಂದು ಅವ್ವ ಹಣೆ ಚಚ್ಚಿಕೊಂಡಳು.

ನನಗೆ ಕೋಪ ನೆತ್ತಿಗೇರಿತು. ನಾಳೆ ಗುಟ್ಟು ರಟ್ಟಾದರೆ ಊರವರ ಬಾಯಲ್ಲಿ ಕಳ್ಳಹಾಲಿನ ಚೆಲುವಯ್ಯ ಆಗುತ್ತಾನೆ, ಡೈರಿ ಮೆಟ್ಟಿಲು ಹತ್ತಿಸುವುದಿಲ್ಲ. ಇದೆಲ್ಲ ಯಾಕೆ ಬೇಕಿತ್ತು ಎಂದು ರೇಗಿದೆ.

“ಮನೇಲಿ ಎಲ್ಲಾ ಕೂತ್ಕೊ, ಕೂತ್ಕೊ ಅಂತೀರ ಕಣವ್ವಾ. ಡೈರಿ ತಾವ ‘ಬಾ ಚೆಲುವಣ್ಣ, ಯಾಕ್ ಲೇಟು’ ಅಂತಾರೆ. ಬರೀ ಕೈಲಿ ಹೋಗಿ ಸಾಲಲ್ ನಿಂತ್ಕೊಂಡ್ರೆ ಚೆಂದಾಗಿರ್ತದಾ?” ಅಂದ ಅಪ್ಪ.

ಅಪ್ಪನಿಗೆ ಬೇಕಿದ್ದದ್ದು ಇಷ್ಟೇ. ಅದನ್ನೇ ನಾವು ಹಗ್ಗದ ಸಮೇತ ಮಾರಿದ್ದೆವು.

ನಾನೇ ಪುಟ್ಟಮಾದುವಿನ ಮನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಹಾಲಿಗೆ ನೀರು ಬೆರೆಸಿದವರನ್ನು ಕಂಡಿದ್ದ, ಹಾಲಿನ ಬದಲು ಹಾಲೇ ಹಾಕಿದವನನ್ನು ಅವನು ಕಂಡಿರಲಿಲ್ಲ. ಮೊದಲು ಬೆವರಿದ, ಆಮೇಲೆ ಬಿದ್ದು ಬಿದ್ದು ನಕ್ಕ. ಕೊನೆಗೆ ಗಂಭೀರನಾಗಿ, ಡಾಕ್ಟರಿಗೆ ಏನೋ ಒಂದು ಹೇಳುತ್ತೇನೆ, ಆದರೆ ಕೊಟ್ಟಿಗೆಯಲ್ಲಿ ಹಸು ಇಲ್ಲದೆ ಇನ್ನೊಂದು ತೊಟ್ಟೂ ಹಾಕಿಸಿಕೊಳ್ಳುವುದಿಲ್ಲ ಅಂದ. ನ್ಯಾಯವಾದ ಮಾತು.

ನಾನು ಫೋನ್ ಮಾಡಿ ಹೇಳಿದ್ದಕ್ಕೆ ಮನೋಹರ ಸೋಲೂರಿನ ತನ್ನ ಮಾವನ ಮನೆಯಿಂದ ಹಸುವೊಂದನ್ನು ಟೆಂಪೋದಲ್ಲಿ ತಂದ. ಗಿಡ್ಡ ಹಸು, ಹಾಲಿಗಿಂತ ಒದೆಯೇ ಜಾಸ್ತಿ. ಇದಕ್ಕೆ ಹಾಕುವ ಹಿಂಡಿ ಬೂಸಾಕ್ಕೂ ಗಿಟ್ಟುವುದಿಲ್ಲವೆಂದು ಅವ್ವ ಮೂಗು ಮುರಿದಳು. ಅಪ್ಪ ಅದರ ಸುತ್ತ ತಿರುಗಿ ಬಾಲ ನೋಡಿದ, ಹಲ್ಲು ನೋಡಿದ, ಒಂದು ಒದೆಯನ್ನೂ ತಿಂದ. ಮಂಡಿನೋವಿನ ಸುದ್ದಿಯೇ ಎತ್ತಲಿಲ್ಲ.

ಸಂಜೆ ಕ್ಯಾನಿನ ತಳ ಮುಚ್ಚುವಷ್ಟು ಹಾಲು ಹಿಡಿದು ಅಪ್ಪ ಹೊರಟ. ಏನಾಗುತ್ತದೋ ಎಂಬ ದಿಗಿಲಿಗೆ ನಾನೂ ಹಿಂದೆಯೇ ಹೋದೆ. ಪುಟ್ಟಮಾದು ಎಂದಿನಂತೆ ಹಾಲು ಅಳೆದುಕೊಂಡ. ಏನು ಚೆಲುವಣ್ಣ, ಸುಸ್ತಾದಂಗಿದ್ದೀಯ ಎಂದು ಸಾಲಿನಲ್ಲಿದ್ದ ಯಾರೋ ಕೇಳಿದರು. ಅಪ್ಪ ಊರಿಗೇ ಕೇಳುವಂತೆ ನಿಟ್ಟುಸಿರು ಬಿಟ್ಟ.

“ಏನ್ ಮಾಡೋದ್ಲಾ. ಒಂದು ಹೋಯ್ತು ಅಂದ್ರೆ ಇನ್ನೊಂದ್ ತಂದ್ ಕಟ್ತವೆ. ಈ ವಯಸ್ಸಲ್ಲೂ ನಮ್ಮಕ್ಳು ಒಸಿ ಕೂತ್ಕೊಳಕ್ ಬುಡಲ್ಲ.”

ಸಾಲಿಗೆ ಸಾಲೇ ತಿರುಗಿ ನನ್ನನ್ನು ಪಾಪಿಯ ಹಾಗೆ ನೋಡಿತು. ನಾನು ತಲೆ ತಗ್ಗಿಸಿ ನಿಂತೆ. ಅಪ್ಪ ಅಷ್ಟು ಖುಷಿಯಾಗಿ ನಮ್ಮನ್ನು ಬೈದದ್ದು ಕೇಳಿ ಎಷ್ಟೋ ದಿನವಾಗಿತ್ತು.