ಅತ್ತೆ ಯಾರ ಪಾಲಿಗೆ

ಮೇಜಿನ ಬಟ್ಟೆಗೆ ಇಸ್ತ್ರಿ ಓರೆಯಾಗಿ ಬಿದ್ದಿದೆ, ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹೀಗೆ ಮಾಡಿದ್ದರೆ ಎಳೆದು, ಮಾಡಿದವಳ ಮುಖಕ್ಕೇ ಎಸೆಯುತ್ತಿದ್ದೆ, ಈಗ ಎಸೆಯಬೇಕು ಅಂತಲೂ ಅನ್ನಿಸುತ್ತಿಲ್ಲ, ಆ ಗೆರೆಯನ್ನು ಬೆರಳಿನಿಂದ ತೀಡುತ್ತ ಕೂತಿದ್ದೇನೆ, ಸಂಧಾನದ ಮೇಡಂ ನಮ್ಮ ವಿಚ್ಛೇದನದ ಕರಾರು ಓದುತ್ತಿದ್ದಾರೆ, ಮನೆ ಇವರಿಗೆ, ಸ್ಕೂಟರ್ ಅವರಿಗೆ, ಮಕ್ಕಳಿಲ್ಲ, ಕೋರ್ಟಿಗೆ ಹೋಗಿದ್ರೆ ವರ್ಷಗಟ್ಟಲೆ ಎಳೀತಿತ್ತು, ನೀವು ಮೂರೇ ಸಲ ಕೂತು ಮುಗಿಸಿದ್ರಿ, ತುಂಬಾ ಸಹಕಾರ ಕೊಟ್ರಿ — ಸಹಕಾರ, ಜಗಳವಾಡುವ ಕಸುವು ತೀರಿಹೋದದ್ದಕ್ಕೆ ಇಷ್ಟು ಒಳ್ಳೆಯ ಹೆಸರಿದೆ ಅಂತ ಗೊತ್ತಿರಲಿಲ್ಲ, ಎದುರಿಗೆ ಗಂಡ ತಲೆಯಾಡಿಸುತ್ತಾನೆ, ಬೇರೆ ಹೋಗಿ ಎರಡು ವರ್ಷದಲ್ಲಿ ಮೀಸೆ ಬೋಳಿಸಿದ್ದಾನೆ, ಯಾವುದೋ ಕೌಂಟರಿನ ಹಿಂದಿನ ಗುಮಾಸ್ತನ ಹಾಗೆ ಕಾಣುತ್ತಾನೆ, ಸಿಟ್ಟು ಎಲ್ಲಾದರೂ ಇದೆಯೇನೋ ಎಂದು ಒಳಗೆಲ್ಲ ತಡಕಿದೆ, ಇಲ್ಲ, ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದಂತೆ ಮೈಯೆಲ್ಲ ಮರಗಟ್ಟಿದೆ. ಇನ್ನೇನಾದ್ರೂ ಉಳೀತಾ, ಮೇಡಂ ಕೇಳಿದರು, ಉಳೀತು, ಅತ್ತೆ, ಅವರು ನನ್ನ ಹತ್ರ ಇರ್ಲಿ ಅಂತ ಬರ್ಕೊಳ್ಳಿ, ಅಂದೆ, ನನಗೆ ಬೇಕಾಗಿದ್ದದ್ದು ಅದೊಂದೇ, ಮನೆಯನ್ನೂ ಅದಕ್ಕೇ ಕೇಳಿದ್ದು, ಅದು ನೆಲಮಟ್ಟದಲ್ಲಿದೆ, ಇವನ ರೂಮು ಮೂರನೇ ಮಹಡಿ, ಲಿಫ್ಟಿಲ್ಲ, ಮಂಡಿ ಸವೆದ ಮುದುಕಿ ಒಮ್ಮೆ ಹತ್ತಿದರೆ ಆಮೇಲೆ ಹೊತ್ತೇ ಇಳಿಸಬೇಕು. ನಮ್ಮಮ್ಮ ಅವಳು, ಸೈನ್ ಆದ್ಮೇಲೆ ನೀನ್ಯಾರು ಅವಳಿಗೆ, ಎಂದ. ಹನ್ನೊಂದು ವರ್ಷ ತಲೆ ಬಾಚಿ ಬೆನ್ನು ಉಜ್ಜಿದೋಳು, ಎಂದೆ. ಅದನ್ನ ಸಂಬಳಕ್ಕಿಟ್ಟೋಳೂ ಮಾಡ್ತಾಳೆ, ಎಂದ. ಇದಕ್ಕೂ ಸಿಟ್ಟು ಬರಲಿಲ್ಲ, ಅತ್ತೆ ಕೇಳಿದ್ದರೆ ನಕ್ಕುಬಿಡುತ್ತಿದ್ದರು, ನಿನ್ನ ಬಾಯಿ ಮುಟ್ಟಿದ್ರೆ ಇಸ್ತ್ರಿ ಪೆಟ್ಟಿಗೇನೇ ಸುಟ್ಟುಹೋಗುತ್ತಲ್ಲೇ, ಇವತ್ತೇನಾಯ್ತೇ, ಎಂದು, ಬೆಳಿಗ್ಗೆ ಹೊರಡುವಾಗಲೂ ಹಾಗೇ, ನಿಮ್ಮ ಬಿಡುಗಡೆಗೆ ನಾನ್ಯಾಕೆ ಬರ್ಬೇಕು, ನಾನೇನು ಅವನನ್ನ ಕಟ್ಕೊಂಡಿದ್ದೀನಾ, ಹೆತ್ತಿದ್ದೀನಿ ಅಷ್ಟೆ, ಅನ್ನುತ್ತಲೇ ಬಂದು ಹೊರಗಿನ ಕೋಣೆಯಲ್ಲಿ ಕೂತಿದ್ದಾರೆ. ಕೋರ್ಟಲ್ಲಾದ್ರೆ ಇದನ್ನ ಯಾರೂ ಕೇಳ್ತಿರ್ಲಿಲ್ಲ, ಇಲ್ಲಿ ಕೇಳ್ಬಹುದು, ಎಂದರು ಮೇಡಂ, ಅವರನ್ನೇ ಕೇಳೋಣ, ನೀವಿಬ್ರೂ ಕೂತಲ್ಲೇ ಇರಿ, ಬಾಯಿ ಬಿಡೋ ಹಾಗಿಲ್ಲ, ಸನ್ನೆ ಮಾಡೋ ಹಾಗಿಲ್ಲ — ಅತ್ತೆಯನ್ನು ಕೈ ಹಿಡಿದು ಒಳಗೆ ಕರೆತಂದು ನಮ್ಮಿಬ್ಬರ ನಡುವಿನ ಕುರ್ಚಿಯಲ್ಲಿ ಕೂರಿಸಿದರು, ಅಜ್ಜಿ, ನಿಮ್ಗೆ ಎಲ್ಲಿರೋಕೆ ಇಷ್ಟ. ಅತ್ತೆ ಮಗನನ್ನು ನೋಡಿದರು, ಸೊರಗಿದ್ದೀಯಲ್ಲೋ, ಎಂದರು, ನನ್ನನ್ನು ನೋಡಿದರು, ಹೇಳಲಿ, ಒಂದು ಮಾತು ಸಾಕು, ಹೇಳುವುದಿಲ್ಲ, ಇಬ್ಬರಲ್ಲಿ ಯಾರ ಮನಸ್ಸನ್ನೂ ನೋಯಿಸಲಾರರು, ಸೊಂಟ ಹಿಡ್ಕೊಂಡಿದೆ, ಸಾಕು ಮಾಡಿ, ಎಂದು ಕೈ ಚಾಚಿದರು, ಎಬ್ಬಿಸಲು, ದಿನವೂ ಹಾಸಿಗೆಯಿಂದ ಚಾಚುವ ಹಾಗೆ, ಆದರೆ ನನ್ನತ್ತ ಅಲ್ಲ, ಅವನತ್ತಲೂ ಅಲ್ಲ, ನೇರ ಮುಂದಕ್ಕೆ, ನನ್ನ ಸೊಂಟ ತಾನಾಗಿ ಕುರ್ಚಿಯಿಂದ ಮೇಲೆದ್ದಿತು, ಮೇಡಂ ಬೇಡವೆಂದು ತಲೆಯಲ್ಲಾಡಿಸಿದರು, ಕೂತೆ, ಅವನೂ ಅರ್ಧ ಎದ್ದು ಕೂತ, ನಾನು ಹಿಡಿದರೆ ನಾನೇ ಉತ್ತರ ಹೇಳಿದ ಹಾಗೆ, ಅವನು ಹಿಡಿದರೆ ಮೂರನೇ ಮಹಡಿ, ಯಾರೂ ಹಿಡಿಯದಿದ್ದರೆ — ಕೈ ಹಾಗೇ ಇದೆ, ತೋಳಿನ ಬಟ್ಟೆ ಮೊಣಕೈಗೆ ಜಾರಿದೆ, ಉಗುರೆಲ್ಲ ನಿನ್ನೆ ನಾನೇ ಕತ್ತರಿಸಿದ್ದು, ಹೆಬ್ಬೆರಳದ್ದು ಸ್ವಲ್ಪ ಒಳಗೆ ಹೋಗಿ ಕೆಂಪಾಗಿದೆ, ಕೈ ಇಳಿಯುತ್ತಿಲ್ಲ, ನಾವಿಬ್ಬರೂ ಕೂತಲ್ಲೇ ಇದ್ದೇವೆ, ಕೈ ಇನ್ನೂ ಚಾಚಿಯೇ ಇದೆ.