ಜಪಾನಿಗಿಂತ ಮುದಿಯಾದ ಕೂಟ

ಭೀಮಸೇನರಾಯರು ನೌಕರಿಯ ಉದ್ದಕ್ಕೂ ಬೇರೆಯವರ ಆಯುಷ್ಯ ಎಣಿಸಿದವರು. ಯಾವ ವಯಸ್ಸಿನವನು ಇನ್ನೆಷ್ಟು ವರ್ಷ ಬಾಳಿಯಾನು ಎಂಬ ವಿಮಾ ಕಚೇರಿಯ ಕೋಷ್ಟಕಗಳೇ ಅವರಿಗೆ ಅನ್ನ ಹಾಕಿದ್ದವು. ಧಾರವಾಡದಿಂದ ವಡೋದರಾಕ್ಕೆ ವರ್ಗವಾಗಿ ಬಂದಾಗ ತಲೆತುಂಬ ಕರಿಗೂದಲಿತ್ತು. ಈಗ ಎಪ್ಪತ್ತರ ಭೀಮರಥ ಶಾಂತಿಯೂ ಮುಗಿದಿದೆ. ನಿವೃತ್ತಿಯಾದರೂ ಚಟ ಬಿಡಲಿಲ್ಲ. ಮನುಷ್ಯರನ್ನು ಬಿಟ್ಟು ದೇಶಗಳ ವಯಸ್ಸು ಎಣಿಸತೊಡಗಿದರು. ಬೆಳಿಗ್ಗೆ ಚಹಾದ ಜೊತೆ ಇಟಲಿ, ಮಧ್ಯಾಹ್ನ ಊಟವಾದ ಮೇಲೆ ಕೊರಿಯಾ. ಎಲ್ಲರಿಗೂ ಅರವತ್ತಕ್ಕೆ ಅರಳು ಮರಳಾದರೆ ತನ್ನ ಗಂಡನಿಗೆ ಎಪ್ಪತ್ತಕ್ಕೆ ಜಪಾನು ಬಡಿದಿದೆ ಎಂದು ಹೆಂಡತಿ ರಮಾಮಣಿಬಾಯಿ ಕಂಡವರ ಮುಂದೆಲ್ಲ ನಗುತ್ತಿದ್ದರು.

ಆ ವಾರ ಮಾತ್ರ ರಾಯರಿಗೆ ನಗು ಬರುವಂತಿರಲಿಲ್ಲ. ಬರುವ ಭಾನುವಾರ ಕನ್ನಡ ಕೂಟವನ್ನು ಮುಚ್ಚುವುದೆಂದು ತೀರ್ಮಾನವಾಗಿತ್ತು. ಬ್ಯಾಂಕು, ರೈಲ್ವೆ, ವಿಮೆ ಎಂದು ಆ ಊರಿಗೆ ಬಂದು ಬಿದ್ದವರೆಲ್ಲ ಸೇರಿ ಕಟ್ಟಿದ ಕೂಟ ಅದು. ತಿಂಗಳಿಗೊಮ್ಮೆ ಅಲ್ಕಾಪುರಿ ಬಡಾವಣೆಯ ಸಭಾಂಗಣವೊಂದರಲ್ಲಿ ಹಾಡು, ಹರಟೆ, ಫರಾಳದ ತಿಂಡಿ. ಹಿಂದೆ ಮಕ್ಕಳು ಕುರ್ಚಿಗಳ ನಡುವೆ ಓಡಾಡಿ ಭಾಷಣಕಾರರ ಗಂಟಲು ಒಣಗಿಸುತ್ತಿದ್ದರು. ಈಗ ಎಲ್ಲರೂ ಮೊದಲಿನ ಎರಡು ಸಾಲಿನಲ್ಲೇ ಹಿಡಿಸುತ್ತಿದ್ದರು, ಹಿಂದೆ ಕೂತರೆ ಕಿವಿ ಕೇಳುತ್ತಿರಲಿಲ್ಲ. ರಮಾಮಣಿಬಾಯಿ ಕೂಟಕ್ಕೆ ಚಕ್ಕಲಿ ಮಾಡುವುದನ್ನು ಎಂದೋ ಬಿಟ್ಟಿದ್ದರು. ಕಡಿಯುವ ಹಲ್ಲು ಯಾರಿಗಿತ್ತು? ಚಕ್ಕಲಿ ಒರಳು ಅಟ್ಟ ಸೇರಿ, ಅದರ ಜಾಗಕ್ಕೆ ಮೆತ್ತಗಿನ ಉಪ್ಪಿಟ್ಟು ಬಂದಿತ್ತು.

ಮರ್ಯಾದೆ ಇರುವಾಗಲೇ ಮುಗಿಸೋಣ ಎಂದವರು ಅಧ್ಯಕ್ಷ ಪಾಂಡುರಂಗರು, ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೊನೆಯ ಭಾಷಣ ಕಾರ್ಯದರ್ಶಿಯೇ ಮಾಡಲಿ, ವಿಷಯ ಅವರ ಇಷ್ಟದ್ದೇ ಇರಲಿ ಎಂದರು. ಕಾರ್ಯದರ್ಶಿಯೆಂದರೆ ರಾಯರೇ, ಮೊದಲ ದಿನದಿಂದಲೂ. ಒಪ್ಪಿಕೊಂಡು ಮನೆಗೆ ಬಂದವರು ಊಟ ಬೇಡವೆಂದರು. ಈ ಊರಿನಲ್ಲಿ ಅವರು ಹೊಟ್ಟೆ ತುಂಬ ಕನ್ನಡ ಆಡುತ್ತಿದ್ದುದು ಅಲ್ಲೊಂದೇ ಕಡೆ. ಹುಟ್ಟಿದ ಮನೆಯ ಬಾಗಿಲು ಮುಚ್ಚಿದಷ್ಟು ಸಂಕಟವಾಗಿತ್ತು ಅವರಿಗೆ. ಆದರೆ ಲೆಕ್ಕ ಸುಳ್ಳು ಹೇಳುವುದಿಲ್ಲವಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಭಾಷಣಕ್ಕೆ ಬಣ್ಣದ ಚಿತ್ರಗಳು ಬೇಕಿದ್ದವು. ಹಳೆಯ ಸ್ನೇಹಿತನ ಮಗಳು ವಿಂಧ್ಯಾಳನ್ನು ರಮಾಮಣಿಬಾಯಿ ಶನಿವಾರ ಮನೆಗೆ ಕರೆಸಿದರು. ಹುಡುಗಿ ವಡೋದರಾದಲ್ಲೇ ಹುಟ್ಟಿ ಬೆಳೆದವಳು, ಅಲ್ಕಾಪುರಿಯ ಕಂಪನಿಯೊಂದರಲ್ಲಿ ಕೆಲಸ. ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಕಾಲು ಇಂಗ್ಲಿಷು, ಉಳಿದದ್ದರಲ್ಲಿ ಗುಜರಾತಿಯ ಒಗ್ಗರಣೆ. ರಾಯರಿಗೆ ಅದು ಅನ್ನದಲ್ಲಿನ ಹರಳಿನಂತೆ ಕಡಿಯುತ್ತಿತ್ತು. ಕೆಲಸ ತಮ್ಮದಾದ್ದರಿಂದ ನುಂಗಿಕೊಂಡರು.

ರಾಯರು ಹೇಳುತ್ತ ಹೋದರು, ಅವಳು ಲ್ಯಾಪ್‌ಟಾಪಿನಲ್ಲಿ ಕಂಬಕಂಬವಾಗಿ ಚಿತ್ರ ಬರೆಯುತ್ತ ಹೋದಳು. ನೂರಕ್ಕೆ ಏಳಿದ್ದ ವೃದ್ಧರು ಹದಿನಾಲ್ಕಾಗಲು ಫ್ರಾನ್ಸಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅದೇ ದಾರಿಯನ್ನು ಜಪಾನು ಕಾಲು ಶತಮಾನದಲ್ಲಿ ನಡೆದು ಮುಗಿಸಿತು. ಇಂದು ಅಲ್ಲಿ ಹತ್ತು ಜನರಲ್ಲಿ ಸುಮಾರು ಮೂವರು ಅರವತ್ತೈದು ದಾಟಿದವರು. ಭಾರತ ಇನ್ನೂ ಹರೆಯದ್ದು, ಆದರೆ ಅದಕ್ಕೂ ಫ್ರಾನ್ಸಿನಷ್ಟು ಪುರಸೊತ್ತಿಲ್ಲ. ಹಾಗಾದರೆ ನಮ್ಮ ಗುಜರಾತಿನ ಸೂರತ್ ಯಾಕೆ ಇಷ್ಟು ಎಳೆಯದಾಗಿ ಕಾಣುತ್ತದೆ ಎಂದು ವಿಂಧ್ಯಾ ಕೇಳಿದಳು. ಹೊರಗಿನಿಂದ ಹುಡುಗರು ಬರುತ್ತಲೇ ಇರುತ್ತಾರೆ, ಅಲ್ಲಿಯ ವರಾಛಾ ಬಡಾವಣೆಯ ವಜ್ರದ ಕಾರ್ಖಾನೆಗಳಲ್ಲಿ ಹೋಗಿ ನೋಡು, ಒಂದು ನರೆಗೂದಲು ಸಿಕ್ಕರೆ ಪುಣ್ಯ ಎಂದು ರಾಯರು ಹುರುಪಿನಿಂದ ವಿವರಿಸಿದರು. ಬರುವವರಿರುವ ತನಕ ಊರಿಗೆ ವಯಸ್ಸಾಗುವುದಿಲ್ಲ ಎಂಬುದು ಅವರ ಮೆಚ್ಚಿನ ಮಾತಾಗಿತ್ತು.

ಕೊನೆಯ ಚಿತ್ರ ಕೂಟದ್ದು. ಜಪಾನಿನ ಪಕ್ಕದಲ್ಲಿ ಅದರ ಕಂಬ ತೆಂಗಿನಮರದಷ್ಟು ಎತ್ತರ ನಿಂತಿತು. ಬಹುತೇಕ ಎಲ್ಲರೂ ವೃದ್ಧರೇ. ವಿಂಧ್ಯಾ ಹುಬ್ಬು ಗಂಟಿಕ್ಕಿ ನೋಡಿ, ಈ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದಳು. ಸಭೆಗೆ ಬರುವವರನ್ನು ಎಣಿಸಿದ್ದು ಎಂದರು ರಾಯರು. ಮತ್ತೆ ತಾನು, ಕೂಟದವರ ಮಕ್ಕಳಾದ ಚೇತನ್, ಅದಿತಿ, ಸುಮುಖ್ ಎಲ್ಲಿದ್ದೇವೆ ಎಂದಳು. ನವರಾತ್ರಿಗೆ ಗರಬಾ ಆಡಲು ಒಟ್ಟಿಗೆ ಹೋಗುವ ಕನ್ನಡದ ಹುಡುಗ ಹುಡುಗಿಯರದೇ ದೊಡ್ಡ ಗುಂಪಿದೆಯಂತೆ. ಹೋದ ವರ್ಷ ಕೆಲಸಕ್ಕೆಂದು ಕರ್ನಾಟಕದಿಂದ ಬಂದ ಹೊಸಬರೂ ಇದ್ದಾರಂತೆ.

ರಾಯರಿಗೆ ಸಿಟ್ಟು ನೆತ್ತಿಗೇರಿತು. ಪ್ರತಿ ತಿಂಗಳೂ ತಾವು ಕೈಯಾರೆ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಆಮಂತ್ರಣ ಬರೆದು, ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕುವುದಿಲ್ಲವೇ? ಅಪ್ಪಂದಿರು ಅದನ್ನು ಮಕ್ಕಳಿಗೂ ಕಳಿಸುವುದಿಲ್ಲವೇ? ಚೇತನ್, ಅದಿತಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ ಉತ್ತರ ಕೊಟ್ಟಿದ್ದನ್ನು ಅವರ ಅಪ್ಪಂದಿರ ಫೋನಿನಲ್ಲಿ ತಾವೇ ಕಣ್ಣಾರೆ ಕಂಡಿಲ್ಲವೇ? ಇಷ್ಟು ಭಕ್ತಿ ಇದ್ದವರಿಗೆ ಬರಲು ಏನು ಧಾಡಿ ಎಂದು ರೇಗಿದರು.

ವಿಂಧ್ಯಾಳ ಮುಖ ಸಪ್ಪಗಾಯಿತು. ಹೇಳುವುದೋ ಬೇಡವೋ ಎಂದು ರಮಾಮಣಿಬಾಯಿಯವರ ಕಡೆ ನೋಡಿದಳು.

"ಕಾಕಾ, ಬೇಜಾರ್ ಮಾಡ್ಕೋಬೇಡಿ. ನಮಗೆ ಕನ್ನಡ ಮಾತಾಡೋಕೆ ಸ್ವಲ್ಪ ಬರತ್ತೆ, ಓದೋಕೆ ಬರಲ್ಲ. ಹ್ಯಾಂಡ್‌ರೈಟಿಂಗ್ ಅಂದ್ರೆ ಫೋನ್‌ಗೂ ಓದೋಕಾಗಲ್ಲ. ಫ್ಯಾಮಿಲಿ ಗ್ರೂಪಲ್ಲಿ ಅಂಥ ಫೋಟೋ ಬಂದ್ರೆ ಅದು ಯಾರದೋ ವೈಕುಂಠ ಸಮಾರಾಧನೆದೇ ಇರತ್ತೆ. ಅದಕ್ಕೇ ಎಲ್ಲಾರೂ ಕೈ ಮುಗೀತಿದ್ವಿ."

ರಮಾಮಣಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಆದರೂ ನಗು ಸೋರಿಹೋಯಿತು. ತಿಂಗಳು ತಿಂಗಳೂ ತಮ್ಮ ಕೂಟಕ್ಕೆ ಇಷ್ಟು ಮಂದಿ ಶ್ರದ್ಧಾಂಜಲಿ ಅರ್ಪಿಸುತ್ತ ಬಂದಿದ್ದರು, ಕಾರ್ಯದರ್ಶಿಗಳು ಅದನ್ನು ಗೌರವವೆಂದು ಲೆಕ್ಕ ಹಿಡಿದಿದ್ದರು! ರಾಯರಿಗೆ ಮೊದಲು ನಾಚಿಕೆಯಾಯಿತು. ಆಮೇಲೆ, ನಾಚಿಕೆಯ ಹಿಂದೆಯೇ, ಎದೆಯ ಮೇಲಿನ ಕಲ್ಲು ಜರುಗಿದಂತಾಯಿತು. ಲೋಕದ ದೇಶಗಳನ್ನೆಲ್ಲ ಎಣಿಸಿದವರಿಗೆ ದೀಪದ ಬುಡದ ಕತ್ತಲೆ ಕಂಡಿರಲಿಲ್ಲ.

"ಈಗ ಏನು ಮಾಡೂಣವಾ?" ಎಂದು ಅವರು ಆ ಹುಡುಗಿಯನ್ನು ಕೇಳಿದ ರೀತಿಗೆ ರಮಾಮಣಿಬಾಯಿಯೇ ಬೆರಗಾದರು. ಅವರು ಯಾರಲ್ಲೂ ಹಾಗೆ ಕೇಳಿದವರಲ್ಲ.

ವಿಂಧ್ಯಾ ಫೋನು ತೆಗೆದು ಅಲ್ಲೇ ಒಂದು ಹೊಸ ಕರೆ ಬರೆದಳು. ಕನ್ನಡದ ಮಾತು, ಇಂಗ್ಲಿಷಿನ ಅಕ್ಷರ, ನಡುನಡುವೆ ಹಿಂದಿ. ಓದಿ ರಾಯರು ಹಲ್ಲು ಕಡಿದರು. ಸಕುಟುಂಬ ಸಪರಿವಾರರಾಗಿ ಆಗಮಿಸಿ ಎಂಬುದು ಬರೀ ಬನ್ನಿ ಎಂದಾಗಿತ್ತು. ಅರ್ಧ ತಾಸು ಆ ಮಾತಿಗಾಗಿ ಒಳಗೊಳಗೇ ಗುದ್ದಾಡಿ, ಕೊನೆಗೆ ಕಳಿಸು ಎಂದರು.

ಭಾನುವಾರ ಸಂಜೆ ಸಭಾಂಗಣದಲ್ಲಿ ಎಂದಿನ ಎರಡು ಸಾಲು ತುಂಬಿತು. ಅಷ್ಟೇ. ಪಾಂಡುರಂಗರು ಗಡಿಯಾರ ನೋಡಿ ಶುರುಮಾಡಿ ಎಂದರು. ರಾಯರು ಫ್ರಾನ್ಸನ್ನು ಆದಷ್ಟು ನಿಧಾನವಾಗಿ ಮುಗಿಸಿದರು. ಬಾಗಿಲು ಅಲುಗಲಿಲ್ಲ. ಜಪಾನಿಗೆ ಬರುವಷ್ಟರಲ್ಲಿ ನಾಲ್ಕು ಸಲ ಅತ್ತ ನೋಡಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದೆನಲ್ಲ ಎನ್ನಿಸಿತು. ಆಗ ಹೊರಗೆ ಸ್ಕೂಟರುಗಳ ಸದ್ದಾಯಿತು. ಗುಜರಾತಿಯಲ್ಲಿ ಜಗಳವಾಡುತ್ತ, ಟ್ರಾಫಿಕ್ಕನ್ನು ಬೈಯುತ್ತ ಹುಡುಗರ ದಂಡು ಒಳಗೆ ಬಂತು. ಒಬ್ಬಳ ಕಂಕುಳಲ್ಲಿ ಕೂಸು. ಹಿಂದಿನ ಸಾಲುಗಳ ಕುರ್ಚಿಗಳ ಧೂಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ಕೂತರು.

ರಾಯರು ಪರದೆಯ ಮೇಲೆ ಕೂಟದ ಚಿತ್ರ ಹಾಕಿದರು. ಬರೆದುಕೊಂಡ ಬೀಳ್ಕೊಡುಗೆಯ ಮಾತನ್ನು ಮಡಿಚಿ ಜೇಬಿಗಿಟ್ಟರು.

"ಹುಟ್ಟೂದು ಕಡಿಮಿ ಆದರ ದೇಶಕ್ಕ ವಯಸ್ಸಾಗತದ. ಬರಾವ್ರು ನಿಂತರೂ ವಯಸ್ಸಾಗತದ. ನಮ್ಮ ಕೂಟಕ್ಕ ವಯಸ್ಸಾದದ್ದು ಎರಡಕ್ಕೂ ಅಲ್ಲ. ನಾವು ಕರದದ್ದು ಅವರಿಗೆ ತಿಳೀಲಿಲ್ಲ, ತಪ್ಪು ನಂದು. ಈ ಲೆಕ್ಕ ಇವತ್ತಿಗೆ ರದ್ದು."

ಮುಚ್ಚುವ ಮಾತನ್ನು ಪಾಂಡುರಂಗರು ಎತ್ತಲೇ ಇಲ್ಲ. ಕೂಸು ಅಷ್ಟರಲ್ಲಿ ಅವರ ತೊಡೆಯೇರಿ ಕನ್ನಡಕ ಕಿತ್ತುಕೊಂಡಿತ್ತು.

ಉಪ್ಪಿಟ್ಟು ಅರ್ಧ ಮಂದಿಗೂ ಸಾಲಲಿಲ್ಲ. ಬೆರಳು ನೆಕ್ಕುತ್ತ ನಿಂತ ಸುಮುಖ್, ಆಂಟಿ, ನೆಕ್ಸ್ಟ್ ಟೈಮ್ ಏನಾದ್ರೂ ಕುರುಕುರು ಮಾಡಿ ಎಂದ. ರಮಾಮಣಿಬಾಯಿಯ ಕಣ್ಣು ತುಂಬಿ ಬಂತು. ಹುಡುಗ ಗಾಬರಿಯಾದ. ಅವರು ಅವನನ್ನು ಬಿಟ್ಟು, ಆ ತುದಿಯಲ್ಲಿ ಹುಡುಗರಿಗೆ ಕೊರಿಯಾದ ವಯಸ್ಸು ವಿವರಿಸುತ್ತಿದ್ದ ಗಂಡನನ್ನು ಕೂಗಿದರು.

"ರೀ, ಮನಿಗೆ ಹೋದ ಕೂಡ್ಲೆ ಅಟ್ಟದ ಮ್ಯಾಲಿನ ಚಕ್ಕಲಿ ಒರಳು ಇಳಿಸಿಕೊಡ್ರಿ."